ಏಳು ದಿನದ ಉಮ್ರಾ: ತಾರೀಖು ಹಾಕುವ ಮೊದಲು

ಏಜೆಂಟರ ಕೈಗೆ ಮುಂಗಡ ಹಣ ಕೊಟ್ಟು ಬಂದ ದಿನ ನನ್ನ ಮನೆಯವರು ಒಂದು ಪೊಟ್ಟಣ ಪೇಡೆ ತಂದಿದ್ದರು. 2024ರ ದಸರೆ ರಜೆಯಲ್ಲಿ ಏಳು ದಿನ ಮಕ್ಕಾ-ಮದೀನಾ, ನಾವಿಬ್ಬರೇ. ಅತ್ತೆ ಕಣ್ಣೊರೆಸಿಕೊಂಡರು, ಮಕ್ಕಳು ಕುಣಿದರು. ನಾನು ಪೇಡೆ ಬಾಯಿಗಿಟ್ಟುಕೊಂಡು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದೆ. ಬೆರಳು ಮಡಿಚಿ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ನನ್ನ ಮುಟ್ಟಿನ ದಿನಗಳು ಹೊರಡುವುದಕ್ಕೆ ಎರಡು ದಿನ ಮೊದಲು ಶುರುವಾಗಿ, ಪ್ರಯಾಣದ ಮೊದಲರ್ಧವನ್ನು ಪೂರಾ ನುಂಗುವಂತಿದ್ದವು.

ಎರಡು ದಿನ ಯಾರಿಗೂ ಹೇಳಲಿಲ್ಲ. ಮದುವೆಯಾಗಿ ಹದಿನಾರು ವರ್ಷವಾದರೂ ಈ ಮಾತು ಬಾಯಿಗೆ ಬರಲಿಲ್ಲ. ಅಷ್ಟು ಸಂತೋಷದಲ್ಲಿರುವ ಮನುಷ್ಯನಿಗೆ ಹೇಗೆ ಹೇಳುವುದು? ನನ್ನಂತೆ ಮೌನವಾಗಿ ಬೆರಳೆಣಿಸುವ ಸಹೋದರಿಯರು ಎಷ್ಟು ಮಂದಿಯೋ ಎಂದು ಅನಿಸಿ ಇದನ್ನು ಬರೆಯುತ್ತಿದ್ದೇನೆ.

ಎರಡು ಸಲ ತಪ್ಪಿದ್ದು

ನಮ್ಮದು ಬನಹಟ್ಟಿ. ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ. ಮನೆಯವರು ಮಗ್ಗ ನೋಡಿಕೊಂಡರೆ, ನಾನು ಅಡಿಗೆ ಮುಗಿಸಿ ಕಂಡಿಕೆ ಸುತ್ತುತ್ತೇನೆ. ಮಗ್ಗ ನಿಂತ ದಿನ ಮನೆಯ ಆದಾಯವೂ ನಿಲ್ಲುತ್ತದೆ. ಹಾಗಾಗಿ ಹದಿನೈದು-ಇಪ್ಪತ್ತು ದಿನದ ಪ್ಯಾಕೇಜ್ ನಮಗೆ ಆಗದ ಮಾತು. ಒಂದು ವಾರ ಎಂಬುದು ನಮ್ಮ ಕೈಗೆಟುಕುವ ಅಳತೆ.

ವಾರಕ್ಕೆ 500 ರೂಪಾಯಿ ಎತ್ತಿಡುವುದೆಂದು 2016ರಲ್ಲಿ ಶುರುಮಾಡಿದ್ದೆವು. ವರ್ಷಕ್ಕೆ 26,000. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿ ಬಂದಾಗ ಮುಧೋಳದಲ್ಲಿದ್ದ ನಾದಿನಿಯ ಮನೆಗೆ ನೀರು ಹೊಕ್ಕಿತು. ಕೂಡಿಟ್ಟ ಹಣದಲ್ಲಿ ಬಹುಪಾಲು ಅಲ್ಲಿಗೆ ಹೋಯಿತು. ಆಕೆ ನಮ್ಮವಳು, ಕೊಡಬೇಕಾದ್ದೇ. ಮತ್ತೆ ಕೂಡಿಸುವಷ್ಟರಲ್ಲಿ 2020 ಬಂತು. ಆ ವರ್ಷ ಫೆಬ್ರವರಿಯಲ್ಲಿ ಸೌದಿ ಸರಕಾರ ಹೊರದೇಶದವರ ಉಮ್ರಾ ನಿಲ್ಲಿಸಿತು, ಮಾರ್ಚಿನಲ್ಲಿ ನಮ್ಮ ಮಗ್ಗಗಳೂ ನಿಂತವು. ನೇಯ್ದ ಸೀರೆ ಕೊಳ್ಳುವವರಿಲ್ಲದೆ ಮನೆಯ ಮೂಲೆಯಲ್ಲಿ ಒಟ್ಟಿದ್ದೆವು. ಹೀಗೆ ಎರಡು ಸಲ ತಪ್ಪಿದ ಪ್ರಯಾಣ, ಮೂರನೆಯ ಸಲವೂ ನನ್ನಿಂದ ಕೆಡಬಾರದು ಎಂಬ ಅಂಜಿಕೆಯೇ ನನ್ನ ಬಾಯಿ ಕಟ್ಟಿತ್ತು.

ಅತ್ತೆಯ ಒಂದು ಮಾತು

ಮೂರನೆಯ ದಿನ ಅತ್ತೆಯೇ ಕೇಳಿದರು. ಹೇಳಿದೆ. ಅವರು ನಗಲಿಲ್ಲ, ಬೈಯಲಿಲ್ಲ. ಸಂಜೆ ಮಗ ಚಹಾ ಕುಡಿಯಲು ಕೂತಾಗ ನೇರವಾಗಿ ಕೇಳಿದರು: "ತಾರೀಖ ಹಾಕೂ ಮುಂದ ಆಕೀನ ಒಂದ ಮಾತ ಕೇಳೀಯೇನಪಾ?"

ಮನೆಯವರು ಮೊದಲು ಅರ್ಥವಾಗದೆ ನೋಡಿದರು. ಅರ್ಥವಾದ ಮೇಲೆ ತಲೆ ತಗ್ಗಿಸಿದರು. "ನನಗ ಹೊಳೀಲೇ ಇಲ್ಲ" ಎಂದರು. ನಿಜವೇ ಹೇಳಿದರು. ರಜೆ ನೋಡಿದ್ದರು, ಮಗ್ಗದ ಕೆಲಸ ನೋಡಿದ್ದರು, ವಿಮಾನದ ದರ ನೋಡಿದ್ದರು. ಜೊತೆಗೆ ಬರುವವಳ ಶರೀರಕ್ಕೂ ಒಂದು ಕ್ಯಾಲೆಂಡರ್ ಇದೆ ಎಂಬುದನ್ನು ಮಾತ್ರ ನೋಡಿರಲಿಲ್ಲ.

ತಾರೀಖು ಬದಲಿಸಲು ಏಜೆಂಟರು ಒಪ್ಪಲಿಲ್ಲ. ಬದಲಿಸಿದರೆ ಮುಂಗಡ ಹೋಗುತ್ತದೆ ಎಂದರು. ಜಮಖಂಡಿಗೆ ಹೋಗಿ ಸ್ತ್ರೀರೋಗ ತಜ್ಞೆಯನ್ನು ಕಂಡೆ. ಮುಟ್ಟು ಮುಂದೂಡುವ ಮಾತ್ರೆಗಳಿವೆ, ಆದರೆ ನನಗೆ ರಕ್ತದೊತ್ತಡವಿರುವುದರಿಂದ ಬೇಡ ಎಂದು ಸ್ಪಷ್ಟವಾಗಿ ಹೇಳಿದರು. ಮಾತ್ರೆ ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ ಎಂದು ಹೇಳಬೇಕಾದವರು ವೈದ್ಯರು. ನೆರೆಮನೆಯಾಕೆ ನುಂಗಿದಳೆಂದು ಔಷಧದಂಗಡಿಯಿಂದ ತಂದು ನುಂಗುವುದು ಅಪಾಯ. ತೋರಿಸಿಕೊಳ್ಳಬೇಕೆಂದಿದ್ದರೆ ಪ್ರಯಾಣಕ್ಕೆ ಒಂದೆರಡು ತಿಂಗಳು ಮೊದಲೇ ತೋರಿಸಿಕೊಳ್ಳಿ.

ಮೊದಲು ಮಕ್ಕಾವೋ, ಮದೀನಾವೋ?

ಉಳಿದದ್ದು ಒಂದೇ ದಾರಿ: ಊರುಗಳ ಕ್ರಮ ಬದಲಿಸುವುದು. ನಮ್ಮ ಕಡೆಯಿಂದ ನೇರ ಮಕ್ಕಾಕ್ಕೆ ಹೋಗುವವರು ವಿಮಾನದಲ್ಲಿ ಮೀಖಾತ್ ದಾಟುವ ಮೊದಲೇ ಇಹ್ರಾಮ್‌ನ ನಿಯ್ಯತ್ ಮಾಡಬೇಕು. ಹಾಗೆ ಹೋಗಿದ್ದರೆ ನಾನು ಇಹ್ರಾಮ್‌ನಲ್ಲೇ ಕೋಣೆಯಲ್ಲಿ ಕೂತು ಶುದ್ಧಿಯ ದಿನ ಕಾಯಬೇಕಾಗುತ್ತಿತ್ತು. ಮೊದಲು ಮದೀನಾಕ್ಕೆ ಹೋದರೆ ಅಲ್ಲಿಗೆ ಇಹ್ರಾಮ್ ಬೇಕಿಲ್ಲ. ಮದೀನಾದಿಂದ ಮಕ್ಕಾಕ್ಕೆ ಹೊರಡುವಾಗ ಊರ ಹೊರಗಿನ ದುಲ್‌ಹುಲೈಫಾದಲ್ಲಿ ಇಹ್ರಾಮ್ ಕಟ್ಟಬಹುದು. ನಮ್ಮ ಮಸೀದಿಯ ಆಲಿಮರಲ್ಲಿ ಮನೆಯವರು ಕೇಳಿ ಖಚಿತಪಡಿಸಿಕೊಂಡರು. ಕ್ರಮ ಬದಲಿಸಲು ಏಜೆಂಟರೂ ಒಪ್ಪಿದರು.

ಸಹೋದರಿಯರು ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು. ಮುಟ್ಟು ಪ್ರಯಾಣದ ಆರಂಭದಲ್ಲಿ ಬರುವಂತಿದ್ದರೆ ಮದೀನಾ ಮೊದಲು. ಕೊನೆಯಲ್ಲಿ ಬರುವಂತಿದ್ದರೆ ಮಕ್ಕಾ ಮೊದಲು. ಎಲ್ಲಕ್ಕಿಂತ ಒಳ್ಳೆಯದು, ಮುಟ್ಟು ಮುಗಿದ ಎರಡು-ಮೂರು ದಿನಕ್ಕೆ ಹೊರಡುವಂತೆ ತಾರೀಖು ಹಾಕುವುದು.

ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹಿಜ್ರಿ 10ರಲ್ಲಿ ಪ್ರವಾದಿವರ್ಯರ(ಸ) ಜೊತೆ ಹಜ್ಜ್‌ಗೆ ಹೊರಟಿದ್ದ ಹಝ್ರತ್ ಆಯಿಶಾ(ರ) ಅವರು ಮಕ್ಕಾ ಸಮೀಪದ ಸರಿಫ್‌ನಲ್ಲಿ ಮುಟ್ಟಾಗಿ ಅತ್ತರು. ಪ್ರವಾದಿವರ್ಯರು(ಸ) ಅವರನ್ನು ಸಮಾಧಾನಪಡಿಸಿ, ಇದು ಅಲ್ಲಾಹನು ಸ್ತ್ರೀಯರಿಗೆ ವಿಧಿಸಿದ್ದೆಂದೂ, ತವಾಫ್ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡಬಹುದೆಂದೂ ತಿಳಿಸಿದರು. ಆಮೇಲೆ ಅವರ ಸಹೋದರ ಅಬ್ದುರ್ರಹ್ಮಾನರ(ರ) ಜೊತೆ ತನ್‌ಈಮ್‌ಗೆ ಕಳುಹಿಸಿ ಉಮ್ರಾ ಮಾಡಿಸಿದರು. ಇಂದು ಅಲ್ಲಿರುವ ಮಸೀದಿಯನ್ನು ಜನ ಆಯಿಶಾ ಮಸೀದಿ ಎಂದೇ ಕರೆಯುತ್ತಾರೆ. ಅದೇ ಪ್ರಯಾಣದಲ್ಲಿ ಹಝ್ರತ್ ಅಸ್ಮಾ ಬಿಂತ್ ಉಮೈಸ್(ರ) ದುಲ್‌ಹುಲೈಫಾದಲ್ಲಿ ಹೆತ್ತರು. ಸ್ನಾನ ಮಾಡಿ ಇಹ್ರಾಮ್ ಕಟ್ಟುವಂತೆ ಅವರಿಗೂ ಹೇಳಲಾಯಿತು. ಪ್ರವಾದಿವರ್ಯರ(ಸ) ಕಾಫಿಲಾದಲ್ಲಿ ಬಾಯಿಬಿಟ್ಟು ಹೇಳಬಹುದಾಗಿದ್ದ ಮಾತನ್ನು ನಾವು ಗಂಡನ ಹತ್ತಿರವೂ ಹೇಳಲಾರದೆ ಕೂರುವುದೇಕೆ?

ಬಾಗಿಲು ದಾಟುವ ಮುಂಚಿನ ಲೆಕ್ಕ

ಹಣ ಸ್ವಲ್ಪ ಕಡಿಮೆ ಬಿದ್ದಾಗ ನನ್ನ ಬಳೆ ಅಡವಿಡುವ ಮಾತು ಬಂತು. ನಾನು ಬೇಡವೆಂದೆ. ಹನಫಿ ಮದ್‌ಹಬ್‌ನಲ್ಲಿ ಉಮ್ರಾ ಜೀವನದಲ್ಲಿ ಒಮ್ಮೆ ಸುನ್ನತೆ ಮುಅಕ್ಕದ. ಅದಕ್ಕಾಗಿ ಬಡ್ಡಿಯ ಸಾಲಕ್ಕೆ ಬೀಳುವಂತೆ ಯಾರೂ ಹೇಳಿಲ್ಲ. ಹಜ್ಜ್‌ಗೆ ಸಾಕಾಗುವಷ್ಟು ಶಕ್ತಿ ಇದ್ದವರಂತೂ ಮೊದಲು ಫರ್ಝ್ ಆದ ಹಜ್ಜ್ ಬಗ್ಗೆಯೇ ಯೋಚಿಸಬೇಕು. ನಾವು ಆರು ತಿಂಗಳು ಮುಂದಕ್ಕೆ ಹಾಕಿದ್ದೆವು, ಅಷ್ಟರಲ್ಲಿ ಹಣ ಕೂಡಿತು.

ಲಾಕ್‌ಡೌನ್ ಕಾಲದಲ್ಲಿ ನಮ್ಮ ಮಗ್ಗದ ಒಬ್ಬ ಕೆಲಸಗಾರನಿಗೆ ಮೂರು ವಾರದ ಪಗಾರ ಬಾಕಿ ಉಳಿದಿತ್ತು. ಆತ ಕೇಳಿರಲಿಲ್ಲ, ನಾವೂ ಮರೆತಿದ್ದೆವು. ಹೊರಡುವ ತಿಂಗಳು ಮನೆಯವರು ಆತನ ಮನೆಗೆ ಹೋಗಿ ಕೊಟ್ಟು, ತಡವಾದದ್ದಕ್ಕೆ ಮಾಫಿ ಕೇಳಿ ಬಂದರು. ಹಿಂದೆ ನಮ್ಮ ಹಿರಿಯರು ಮುಂಬೈಗೆ ಹೋಗಿ ಹಡಗು ಹತ್ತುತ್ತಿದ್ದರು. 1995ರಲ್ಲಿ ಆ ಹಡಗಿನ ಯಾತ್ರೆ ನಿಂತಿತು. ತಿರುಗಿ ಬರುತ್ತೇವೋ ಇಲ್ಲವೋ ಎಂದು ಅವರು ಮನೆಮನೆಗೆ ಹೋಗಿ ಋಣ ತೀರಿಸಿ, ತಪ್ಪು ಮನ್ನಿಸಿಕೊಂಡು ಹೊರಡುತ್ತಿದ್ದರು. ವಿಮಾನ ಐದೂವರೆ ಗಂಟೆಯಲ್ಲಿ ಮುಂಬೈಯಿಂದ ಜಿದ್ದಾಗೆ ಮುಟ್ಟಿಸುತ್ತದೆ ಎಂದು ಆ ತಯಾರಿಯನ್ನು ಬಿಡಬಾರದು.

ಕಾಗದಪತ್ರದ ಕೆಲಸವನ್ನೂ ಬೇಗ ಮಾಡಿ. ನನ್ನ ಹೆಸರು ಆಧಾರ್‌ನಲ್ಲಿ ಒಂದು ಬಗೆ, ಶಾಲೆಯ ದಾಖಲೆಯಲ್ಲಿ ಇನ್ನೊಂದು ಬಗೆ ಇತ್ತು. ಅದನ್ನು ಸರಿಪಡಿಸಲು ಮೂರು ತಿಂಗಳು ಹಿಡಿಯಿತು. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಮೆನಿಂಜೈಟಿಸ್ ಲಸಿಕೆಯನ್ನು ತಲುಪುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಹಜ್ಜ್ ಹತ್ತಿರ ಬಂದಂತೆ ಕೆಲವು ವಾರ ಉಮ್ರಾ ವೀಸಾ ಸಿಗುವುದಿಲ್ಲ. ನಿಯಮಗಳು ಬದಲಾಗುತ್ತಿರುವುದರಿಂದ ಹಣ ಕಟ್ಟುವ ಮುಂಚೆ ಮತ್ತೊಮ್ಮೆ ಕೇಳಿ. ಹೋಟೆಲ್ ಹರಮ್‌ನಿಂದ ಎಷ್ಟು ದೂರ, ಊಟ ಸೇರಿದೆಯೇ, ತಾರೀಖು ಬದಲಿಸಿದರೆ ಎಷ್ಟು ಕಳೆಯುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಕಾಲಿಗೂ ತಯಾರಿ ಬೇಕು. ಸಫಾ-ಮರ್ವಾ ನಡುವೆ ಏಳು ಸಲ ನಡೆದರೆ ಮೂರು ಕಿಲೋಮೀಟರಿಗೂ ಹೆಚ್ಚಾಗುತ್ತದೆ. ಅದಕ್ಕೆ ಮೊದಲು ತವಾಫ್‌ನ ಏಳು ಸುತ್ತು ಬೇರೆ. ನಾವಿಬ್ಬರೂ ಎರಡು ತಿಂಗಳು ಫಜ್ರ್ ನಮಾಝ್ ಮುಗಿಸಿ ರಬಕವಿ ರಸ್ತೆಯಲ್ಲಿ ನಡೆದೆವು. ಮದುವೆಯಾದ ಮೇಲೆ ನಾವಿಬ್ಬರೇ ಅಷ್ಟು ಹೊತ್ತು ಮಾತಾಡಿದ್ದು ಆಗಲೇ.

ಮಕ್ಕಳನ್ನು ನೋಡಿಕೊಳ್ಳಲು ಮುಧೋಳದಿಂದ ನಾದಿನಿ ಬಂದಳು. ಬೀಳಗಿಯ ತವರಿನಿಂದ ಅಮ್ಮ ಜೋಳದ ಹಿಟ್ಟು, ಶೇಂಗಾ ಚಟ್ನಿ ಕಳಿಸಿದರು. ಹಿನ್ನೀರಿಗೆ ಹೊಲ ಹೋದ ಮೇಲೆ ಅವರದೂ ಕೊಂಡು ತಿನ್ನುವ ಬದುಕು, ಆದರೂ ಕಳಿಸಿದರು. ಪಕ್ಕದ ಮನೆಯ ನೇಕಾರರ ಹಿರಿಯಾಕೆ ಬಂದು, "ಹೋಗಿ ಬಾರವಾ ತಂಗಿ, ಹುಡುಗೂರ ಚಿಂತಿ ಬಿಡು. ನಮ್ಮ ಮನ್ಯಾಗೂ ನಾಕ ರೊಟ್ಟಿ ಹೆಚ್ಚಿಗಿ ಬಡೀತೀನಿ" ಎಂದರು.

ಆ ಏಳು ದಿನಗಳು

ರಾತ್ರಿ ಬಸ್ಸಿನಲ್ಲಿ ಮುಂಬೈ, ಅಲ್ಲಿಂದ ಜಿದ್ದಾ. 2018ರಿಂದ ಓಡುತ್ತಿರುವ ಹರಮೈನ್ ರೈಲು ಜಿದ್ದಾ ವಿಮಾನ ನಿಲ್ದಾಣದಿಂದಲೇ ಹೊರಡುತ್ತದೆ. ಸುಮಾರು ಎರಡು ಗಂಟೆಯಲ್ಲಿ ಮದೀನಾ.

ಎಣಿಸಿದ್ದಂತೆಯೇ ಆಗಿತ್ತು. ಮದೀನಾದ ಮೂರೂ ದಿನ ನಾನು ಮಸ್ಜಿದುನ್ನಬವಿಯ ಒಳಗೆ ಹೋಗಲಾಗಲಿಲ್ಲ. ರೌಝಾದಲ್ಲಿ ನಮಾಝ್ ಮಾಡಲು ನುಸುಕ್ ಆ್ಯಪ್‌ನಲ್ಲಿ ಮುಂಗಡವಾಗಿ ಸಮಯ ಪಡೆಯಬೇಕು, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ. ನನ್ನ ಹೆಸರಿಗೆ ಸಿಕ್ಕಿದ್ದ ಸಮಯವನ್ನು ನಾನೇ ರದ್ದುಮಾಡಿದೆ, ಇನ್ನೊಬ್ಬಾಕೆಗಾದರೂ ಸಿಗಲಿ ಎಂದು. ಮನೆಯವರು ಒಳಗೆ ಹೋದಾಗ ನಾನು ಹೊರಗೆ, ಹಸಿರು ಗುಮ್ಮಟ ಕಾಣುವ ಕಡೆ ನಿಂತು ಸಲಾಮ್ ಹೇಳಿದೆ, ದರೂದ್ ಓದಿದೆ. ಉಹುದ್ ಬೆಟ್ಟದ ಬುಡಕ್ಕೆ ಇಬ್ಬರೂ ಹೋಗಿ, ಹಿಜ್ರಿ 3ರಲ್ಲಿ ಹುತಾತ್ಮರಾದ ಹಝ್ರತ್ ಹಂಝಾ(ರ) ಮತ್ತವರ ಸಂಗಾತಿಗಳಿಗಾಗಿ ದುಆ ಮಾಡಿದೆವು. ಕುಬಾ ಮಸೀದಿಯೊಳಗೆ ಮನೆಯವರೊಬ್ಬರೇ ಹೋಗಿ ಬಂದರು. ಹೊರಗೆ ಬಂದವರ ಮುಖದಲ್ಲಿ ಸಂತೋಷವೂ ಇತ್ತು, ಅಪರಾಧಿ ಭಾವವೂ ಇತ್ತು. "ಮೊದಲ ಕೇಳಿದ್ರ ಇಬ್ಬರಿಗೂ ಸಿಗತಿತ್ತು" ಎಂದರು. ನಾನೇನೂ ಹೇಳಲಿಲ್ಲ. ದುಃಖ ಇತ್ತು, ಸಿಟ್ಟು ಇರಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಶುದ್ಧಳಾಗಿ ಸ್ನಾನ ಮಾಡಿದೆ. ದುಲ್‌ಹುಲೈಫಾದಲ್ಲಿ ಅವರು ಎರಡು ಬಿಳಿ ವಸ್ತ್ರದಲ್ಲಿ, ನಾನು ನನ್ನ ಎಂದಿನ ಉಡುಪಿನಲ್ಲಿ, ಜೊತೆಯಾಗಿ ನಿಯ್ಯತ್ ಮಾಡಿ ಲಬ್ಬೈಕ್ ಹೇಳುತ್ತ ಕಾರು ಹತ್ತಿದೆವು. ಅಂದು ಇಶಾ ನಂತರ ಕಅಬಾ ಕಣ್ಣಿಗೆ ಬಿತ್ತು. ನೆನಪಿಟ್ಟುಕೊಂಡಿದ್ದ ದುಆಗಳೆಲ್ಲ ಮರೆತುಹೋದವು. ಮಕ್ಕಳ ಹೆಸರು, ನಾದಿನಿಯ ಹೆಸರು, ಪಕ್ಕದ ಮನೆಯ ಹಿರಿಯಾಕೆಯ ಹೆಸರು ಒಂದೊಂದಾಗಿ ಬಾಯಿಗೆ ಬಂದವು.

ಸಫಾದಿಂದ ಮರ್ವಾ ಕಡೆ ನಡೆಯುವಾಗ ಕಾಲು ಸೋತಿತ್ತು. ಹಸಿರು ದೀಪಗಳ ನಡುವೆ ಗಂಡಸರು ಬಿರುಸಾಗಿ ಹೆಜ್ಜೆ ಹಾಕುತ್ತಾರೆ. ಮನೆಯವರೂ ಹಾಗೆ ಮುಂದೆ ಹೋಗಿ, ದೀಪ ಮುಗಿದಲ್ಲಿ ನನಗಾಗಿ ಕಾಯುತ್ತಿದ್ದರು. ಹಸಿದ ಕೂಸಿಗೆ ನೀರು ಹುಡುಕುತ್ತ ಹಾಜರಾ(ಅ) ಒಬ್ಬರೇ ಓಡಿದ ಜಾಗ ಅದು. ಒಬ್ಬ ತಾಯಿ ಹಾಕಿದ ಹೆಜ್ಜೆಯಲ್ಲೇ ಲೋಕದ ಗಂಡಸರೆಲ್ಲ ಹೆಜ್ಜೆ ಹಾಕುತ್ತಿದ್ದಾರೆ ಎಂದು ನೋಡುತ್ತ ನಿಂತುಬಿಟ್ಟೆ. ಕೋಣೆಗೆ ಬಂದು ಬೆರಳಿನ ಗೆಣ್ಣಿನಷ್ಟು ಕೂದಲು ಕತ್ತರಿಸಿಕೊಂಡಾಗ ನಮ್ಮ ಉಮ್ರಾ ಪೂರ್ಣವಾಯಿತು.

ಉಳಿದ ಎರಡು ದಿನ ಊರು ಸುತ್ತುವ ಆಸೆ ಬಿಟ್ಟೆವು. ನಮಾಝ್, ತವಾಫ್, ಝಮ್‌ಝಮ್, ಸ್ವಲ್ಪ ನಿದ್ದೆ. ಅಕ್ಟೋಬರ್‌ನಲ್ಲೂ ಹಗಲಿನ ಬಿಸಿಲು ಬನಹಟ್ಟಿಯ ಬೇಸಿಗೆಯಂತಿತ್ತು, ಹಾಗಾಗಿ ತವಾಫ್ ರಾತ್ರಿಗೇ ಇಟ್ಟುಕೊಂಡೆವು. ಏಳನೆಯ ದಿನ ಜಿದ್ದಾ, ಮುಂಬೈ, ಮತ್ತೆ ಮಗ್ಗದ ಸದ್ದು.

ಪ್ರಯಾಣದ ತಾರೀಖು ಗೊತ್ತುಮಾಡುವ ಸಹೋದರರಲ್ಲಿ ನನ್ನದೊಂದೇ ವಿನಂತಿ: ಹಣ ಕಟ್ಟುವ ಮುಂಚೆ ಹೆಂಡತಿಯನ್ನು ಕೇಳಿ. ಸಹೋದರಿಯರೇ, ಅವರು ಕೇಳದಿದ್ದರೆ ನೀವೇ ಹೇಳಿ. ಎರಡು ದಿನ ನಾನು ಸುಮ್ಮನಿದ್ದಂತೆ ಸುಮ್ಮನಿರಬೇಡಿ.

ನಾವು ಮತ್ತೆ ವಾರಕ್ಕೆ 500 ಎತ್ತಿಡುತ್ತಿದ್ದೇವೆ. ನನ್ನ ಪಾಲಿನ ರೌಝಾ ಬಾಕಿ ಇದೆ. ಈ ಸಲ ಕ್ಯಾಲೆಂಡರ್ ನನ್ನ ಕೈಯಲ್ಲಿ ಕೊಟ್ಟಿದ್ದಾರೆ. ಅಲ್ಲಾಹನು ನಮ್ಮನ್ನೂ, ಈ ಆಸೆ ಹೊತ್ತ ಎಲ್ಲ ಮನೆಗಳವರನ್ನೂ ಅಲ್ಲಿಗೆ ಕರೆಸಿಕೊಳ್ಳಲಿ. ಆಮೀನ್.