ತೆರಿಗೆ ದರಗಳನ್ನು ಹೋಲಿಸುವುದು: ಮೂರು ತರಗತಿಗಳಲ್ಲಿ ನಾನು ಕಲಿತದ್ದು

ಹತ್ತನೇ ತರಗತಿಯ ಸಮಾಜ ವಿಜ್ಞಾನದ ‘ಸಾರ್ವಜನಿಕ ಹಣಕಾಸು ಮತ್ತು ಆಯವ್ಯಯ’ ಘಟಕವನ್ನು ಬೋಧನಾಭ್ಯಾಸದ ಅವಧಿಯಲ್ಲಿ ನಾನು ಮೂರು ಸಲ ಬೋಧಿಸಿದೆ. ಮೊದಲು ಶಿರಸಿಯಲ್ಲಿ, ಆಮೇಲೆ ಸಿದ್ದಾಪುರದಲ್ಲಿ, ಕೊನೆಗೆ ಯಲ್ಲಾಪುರದಲ್ಲಿ. ಪ್ರತಿ ಸಲವೂ ಮಕ್ಕಳ ಒಂದು ಪ್ರಶ್ನೆ ನನ್ನ ಪಾಠ ಯೋಜನೆಯನ್ನು ತಿದ್ದಿತು. ಮುಂದೆ ಇದೇ ಘಟಕ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲೆಂದು ಅನುಭವವನ್ನು ಇಲ್ಲಿ ಬರೆದಿದ್ದೇನೆ.

ಶಿರಸಿ: ಪಟ್ಟಿ ಹೇಳದೆ ಬಿಟ್ಟದ್ದು

ಪ್ರೇರಣೆಗಾಗಿ ಒಂದು ಚಾರ್ಟ್ ಮಾಡಿದ್ದೆ. ವ್ಯಕ್ತಿಯ ಆದಾಯದ ಮೇಲಿನ ಅತಿ ಹೆಚ್ಚಿನ ತೆರಿಗೆ ದರ ಇಂಗ್ಲೆಂಡಿನಲ್ಲಿ ಶೇ. 45, ಅಮೆರಿಕದ ಕೇಂದ್ರ ಸರಕಾರದ್ದು ಶೇ. 37, ಭಾರತದಲ್ಲಿ ಶೇ. 30, ಸಿಂಗಾಪುರದಲ್ಲಿ ಶೇ. 24, ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಸೊನ್ನೆ. ಚಾರ್ಟ್ ಚೆನ್ನಾಗಿಯೇ ಇತ್ತು. ಒಬ್ಬ ಹುಡುಗ ಎದ್ದು, “ನಮ್ಮ ಮಾವ ದುಬೈಯಲ್ಲಿದ್ದಾರೆ. ಅಲ್ಲಿ ಟ್ಯಾಕ್ಸೇ ಇಲ್ಲ. ಹಾಗಾದ್ರೆ ನಾವು ಮಾತ್ರ ಮೂವತ್ತು ಪರ್ಸೆಂಟ್ ಯಾಕೆ ಕೊಡ್ಬೇಕು?” ಎಂದು ಕೇಳಿದ. “ಅಲ್ಲಿ ಎಣ್ಣೆ ಸಿಗುತ್ತದೆ” ಎಂದು ಹೇಳಿ ಮುಂದೆ ಹೋದೆ. ಪಾಠ ವೀಕ್ಷಿಸಿದ ಮಾರ್ಗದರ್ಶಕರು ನನ್ನ ಪುಸ್ತಕದಲ್ಲಿ ಬರೆದದ್ದು ಎರಡೇ ಮಾತು: “ಉತ್ತರ ಬಂತು. ವಿವರಣೆ ಬರಲಿಲ್ಲ.”

ಆ ವಿವರಣೆ ಹೀಗಿರಬೇಕಿತ್ತು. ಆ ದೇಶದಲ್ಲಿ ಸಂಬಳದ ಮೇಲೆ ತೆರಿಗೆ ಇಲ್ಲ ಎಂಬುದು ನಿಜ. ಆದರೆ 2018ರ ಜನವರಿ 1ರಿಂದ ಸರಕು ಮತ್ತು ಸೇವೆಗಳ ಮೇಲೆ ಶೇ. 5 ಮೌಲ್ಯವರ್ಧಿತ ತೆರಿಗೆ ಇದೆ. 2023ರಿಂದ ಕಂಪನಿಗಳ ಲಾಭದ ಮೇಲೆ ಶೇ. 9 ತೆರಿಗೆಯೂ ಬಂದಿದೆ. ತೈಲದ ಆದಾಯ ಮತ್ತು ನಾನಾ ಶುಲ್ಕಗಳು ಬೇರೆ. ಅಂದರೆ ಸರಕಾರ ಬೇರೆ ಬಾಗಿಲಿನಿಂದ ಹಣ ತರುತ್ತದೆ. ಒಂದೇ ಬಾಗಿಲನ್ನು ನೋಡಿ ಮನೆ ಖಾಲಿ ಎನ್ನಲಾಗದು.

ಸಿದ್ದಾಪುರ: 160 ಅಡಿಕೆಯ ಪಾಠ

ಎರಡನೇ ಸಲ ಚಾರ್ಟಿಗಿಂತ ಮೊದಲು ಹಂತಗಳನ್ನು ಹೇಳಬೇಕೆಂದುಕೊಂಡೆ. “24 ಲಕ್ಷ ದಾಟಿದ್ರೆ ಪೂರ್ತಿ ದುಡ್ಡಿಗೂ ಮೂವತ್ತು ಪರ್ಸೆಂಟ್ ಬೀಳ್ತದೆ, ಅದಕ್ಕೇ ಜಾಸ್ತಿ ದುಡಿಯೂದೇ ನಷ್ಟ” ಎಂದು ಒಬ್ಬಳು ಹೇಳಿದಳು. ದೊಡ್ಡವರಲ್ಲೂ ಎಷ್ಟೋ ಜನ ಹೀಗೇ ತಿಳಿದಿದ್ದಾರೆ.

ಮರುದಿನ ನಾಲ್ಕು ಡಬ್ಬಿ, 160 ಚಾಲಿ ಅಡಿಕೆ ತೆಗೆದುಕೊಂಡು ಹೋದೆ. ಒಂದು ಅಡಿಕೆ ಎಂದರೆ ಹತ್ತು ಸಾವಿರ ರೂಪಾಯಿ. ತೆರಿಗೆಗೆ ಒಳಪಡುವ ಆದಾಯ ರೂ. 16 ಲಕ್ಷವಿದ್ದರೆ 160 ಅಡಿಕೆ, ಪ್ರತಿ ಡಬ್ಬಿಗೆ 40. ಹೊಸ ಪದ್ಧತಿಯ 2025–26ರ ದರದಂತೆ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. 4ರಿಂದ 8 ಲಕ್ಷದವರೆಗೆ ಶೇ. 5, 8ರಿಂದ 12ಕ್ಕೆ ಶೇ. 10, 12ರಿಂದ 16ಕ್ಕೆ ಶೇ. 15. ಮಕ್ಕಳೇ ಬಂದು ತೆಗೆದರು: ಮೊದಲ ಡಬ್ಬಿಯಿಂದ ಏನೂ ಇಲ್ಲ, ಎರಡನೆಯದರಿಂದ 2, ಮೂರನೆಯದರಿಂದ 4, ನಾಲ್ಕನೆಯದರಿಂದ 6. ಒಟ್ಟು 12 ಅಡಿಕೆ, ಎಂದರೆ ರೂ. 1,20,000. ಅದರ ಮೇಲೆ ಶೇ. 4 ಸೆಸ್ ರೂ. 4,800, ಅರ್ಧ ಅಡಿಕೆಗೂ ಸ್ವಲ್ಪ ಕಡಿಮೆ.

ಈ ವ್ಯಕ್ತಿ ಶೇ. 15ರ ಹಂತದಲ್ಲಿದ್ದಾನೆ. ಆದರೆ ಕೊಟ್ಟದ್ದು ಆದಾಯದ ಶೇ. 7.8 ಮಾತ್ರ. ಕೊನೆಯ ರೂಪಾಯಿಯ ಮೇಲಿನ ದರ ಬೇರೆ, ಒಟ್ಟು ಆದಾಯದ ಮೇಲೆ ಬೀಳುವ ಸರಾಸರಿ ದರ ಬೇರೆ. ಚಾರ್ಟಿನಲ್ಲಿ ನಾನು ಬರೆದದ್ದು ಮೊದಲನೆಯದು, ಮಕ್ಕಳು ಅರ್ಥ ಮಾಡಿಕೊಂಡದ್ದು ಎರಡನೆಯದು. ಇನ್ನು ಆದಾಯ 12 ಲಕ್ಷದೊಳಗಿದ್ದರೆ ಲೆಕ್ಕಕ್ಕೆ ಬರುವ 6 ಅಡಿಕೆಯೂ ರಿಯಾಯಿತಿಯಾಗಿ ಹಿಂದಕ್ಕೆ ಬರುತ್ತದೆ.

ಇದೇ ರೀತಿಯಲ್ಲಿ ಇಂಗ್ಲೆಂಡಿನ ಲೆಕ್ಕ ಮಾಡಿಸಿದೆ. ಅಲ್ಲಿ ಮೊದಲ 12,570 ಪೌಂಡಿಗೆ ತೆರಿಗೆ ಇಲ್ಲ, 50,270ರವರೆಗೆ ಶೇ. 20. ಸರಿಯಾಗಿ 50,270 ಪೌಂಡ್ ಸಂಬಳದವರಿಗೆ ತೆರಿಗೆ 7,540, ಅಂದರೆ ಶೇ. 15. ಆದರೆ ಸಂಬಳದಿಂದ ರಾಷ್ಟ್ರೀಯ ವಿಮೆಗೆಂದು ಇನ್ನೂ 3,016 ಪೌಂಡ್ ಕಡಿತವಾಗುತ್ತದೆ. ಎರಡೂ ಸೇರಿದರೆ ಶೇ. 21. ಅಮೆರಿಕದಲ್ಲೂ ಹಾಗೆಯೇ. ಕೇಂದ್ರದ ತೆರಿಗೆಯ ಜೊತೆ ಸಾಮಾಜಿಕ ಭದ್ರತೆಯ ಕಡಿತವಿದೆ. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ಅದು ಶೇ. 13.3ರವರೆಗೆ ಹೋಗುತ್ತದೆ. ‘ಅಮೆರಿಕದ ದರ’ ಎಂಬ ಒಂದೇ ಅಂಕಿ ಇಲ್ಲ.

ಅಡಿಕೆ ಮುಂದಿಟ್ಟ ಮೇಲೆ ಬರಬೇಕಾದ ಪ್ರಶ್ನೆ ಬಂದೇ ಬಂತು: “ತೋಟದವರೂ ಇದನ್ನ ಕಟ್ಬೇಕಾ?” ಇಲ್ಲ. ಸಂವಿಧಾನದ ಏಳನೇ ಅನುಸೂಚಿಯಂತೆ ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳದ್ದು, ಕೇಂದ್ರದ ಆದಾಯ ತೆರಿಗೆ ಅದಕ್ಕೆ ಇಲ್ಲ. ಬೆಳೆದವರು ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮಾರಿದರೆ ಅದು ಕೃಷಿ ಆದಾಯ. ಅದೇ ಅಡಿಕೆಯನ್ನು ಕೊಂಡು ಮಾರುವ ವ್ಯಾಪಾರಿಯ ಲಾಭ ಕೃಷಿ ಆದಾಯವಲ್ಲ. ತೋಟದ ಜೊತೆ ಸಂಬಳವೂ ಇರುವವರ ವಿಷಯದಲ್ಲಿ, ಸಂಬಳಕ್ಕೆ ಯಾವ ದರ ಎಂದು ನಿರ್ಧರಿಸಲು ಕೃಷಿ ಆದಾಯವನ್ನೂ ಲೆಕ್ಕಕ್ಕೆ ಹಿಡಿಯುವ ಕ್ರಮವಿದೆ.

ಯಲ್ಲಾಪುರ: ನನ್ನ ತಪ್ಪು

ಮೂರನೇ ಸಲ ಆತ್ಮವಿಶ್ವಾಸ ಬಂದಿತ್ತು. “ದೇಶ ನಡೆಯುವುದು ತೆರಿಗೆ ಕಟ್ಟುವವರಿಂದ” ಎಂದು ಪಾಠ ಆರಂಭಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಹುಡುಗಿ ಕೇಳಿದಳು: “ಅಕ್ಕೋರೇ, ನಮ್ಮಪ್ಪ ಕೊನೆ ಕೊಯ್ಲಿಕ್ಕೆ ಹೋಗ್ತಾರೆ. ಅವರು ಟ್ಯಾಕ್ಸ್ ಕಟ್ತಾರಾ?” ನಾನು ಡಬ್ಬಿಗಳ ಕಡೆ ಕೈ ತೋರಿಸಿ, “ಇಲ್ಲ, ಅಷ್ಟು ಆದಾಯ ಇರುವುದಿಲ್ಲವಲ್ಲ” ಎಂದೆ. ಹಿಂದಿನ ಸಾಲಿನಿಂದ ಯಾರೋ, “ಹಂಗಾರೆ ಅವ್ರದ್ದೆಲ್ಲ ಪುಕ್ಕಟೆ” ಎಂದರು. ತರಗತಿ ನಕ್ಕಿತು. ಹುಡುಗಿ ಕುಳಿತಳು. ಆ ಅವಧಿಯಲ್ಲಿ ಮತ್ತೆ ಕೈ ಎತ್ತಲಿಲ್ಲ.

ನಾನು ಸುಳ್ಳು ಹೇಳಿರಲಿಲ್ಲ, ಪೂರ್ತಿ ನಿಜವನ್ನೂ ಹೇಳಿರಲಿಲ್ಲ. ಪ್ರತ್ಯಕ್ಷ ತೆರಿಗೆ, ಪರೋಕ್ಷ ತೆರಿಗೆ ಎಂಬ ವ್ಯತ್ಯಾಸ ನನ್ನ ಯೋಜನೆಯಲ್ಲೇ ಇತ್ತು, ಮರುದಿನದ ಪುಟದಲ್ಲಿ.

ಮರುದಿನ ಎಲ್ಲರೂ ಮನೆಯಿಂದ ಅಂಗಡಿ ಬಿಲ್ ತರಬೇಕೆಂದು ಹೇಳಿದ್ದೆ. ಸಾಬೂನು, ಟೂತ್‌ಪೇಸ್ಟ್, ತಲೆಗೆ ಹಾಕುವ ಎಣ್ಣೆಯ ಮೇಲಿನ ಜಿಎಸ್‌ಟಿ ಶೇ. 18 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ. 42 ರೂಪಾಯಿಯ ಸಾಬೂನಿನಲ್ಲಿ 2 ರೂಪಾಯಿ ತೆರಿಗೆ. ಬೈಕಿಗೆ ಹಾಕುವ ಪೆಟ್ರೋಲು ಜಿಎಸ್‌ಟಿಯ ಹೊರಗಿದ್ದರೂ ಅದರ ಮೇಲೆ ಕೇಂದ್ರದ ಅಬಕಾರಿ ಸುಂಕವೂ ರಾಜ್ಯದ ಮಾರಾಟ ತೆರಿಗೆಯೂ ಇವೆ. “ಈ 2 ರೂಪಾಯಿ ತೋಟದ ಯಜಮಾನರಿಗೆ ಎಷ್ಟು, ಕೊನೆ ಕೊಯ್ಯುವವರಿಗೆ ಎಷ್ಟು?” ಎಂದು ಕೇಳಿದೆ. ಹಿಂದಿನ ದಿನ ಸುಮ್ಮನಾಗಿದ್ದ ಹುಡುಗಿಯೇ ಉತ್ತರಿಸಿದಳು: “ಇಬ್ಬರಿಗೂ ಎರಡೇ. ಆದ್ರೆ ನಮ್ಮಪ್ಪನ ಕೂಲಿಯಲ್ಲಿ ಅದು ದೊಡ್ಡ ಪಾಲು.” ಪರೋಕ್ಷ ತೆರಿಗೆಯ ಗುಣದೋಷ ಎಂದು ನಾನು ಅರ್ಧ ಪುಟ ಬರೆದುಕೊಂಡಿದ್ದು ಆ ಎರಡು ವಾಕ್ಯದಲ್ಲಿ ಮುಗಿಯಿತು. ಹಿಂದಿನ ದಿನದ ನನ್ನ ಉತ್ತರ ಅಪೂರ್ಣವಾಗಿತ್ತು ಎಂದು ತರಗತಿಯ ಮುಂದೆಯೇ ಹೇಳಿದೆ.

ಸಹಪಾಠಿಗಳಿಗೆ

ದೇಶ ದೇಶಗಳ ದರ ಹೋಲಿಸುವಾಗ ಮಕ್ಕಳಿಂದ ನಾಲ್ಕು ಪ್ರಶ್ನೆ ಕೇಳಿಸಿ. ಈ ದರ ಎಷ್ಟು ಆದಾಯದ ಮೇಲಿನ ಭಾಗಕ್ಕೆ? ಸರಾಸರಿ ಎಷ್ಟು ಬೀಳುತ್ತದೆ? ಸಂಬಳದಿಂದ ಬೇರೆ ಯಾವ ಕಡಿತಗಳಿವೆ, ಕೊಳ್ಳುವಾಗ ಯಾವ ತೆರಿಗೆ ಇದೆ? ಕೊಟ್ಟದ್ದಕ್ಕೆ ಜನರಿಗೆ ಏನು ಸಿಗುತ್ತದೆ? ಡೆನ್ಮಾರ್ಕಿನಲ್ಲಿ ಹೆಚ್ಚಿನ ಆದಾಯದ ಮೇಲಿನ ದರ ಅರ್ಧವನ್ನೂ ಮೀರುತ್ತದೆ, ಕೊಳ್ಳುವ ವಸ್ತುಗಳ ಮೇಲೆ ಶೇ. 25 ತೆರಿಗೆ. ಆದರೆ ಅಲ್ಲಿಯ ಮಕ್ಕಳು ವಿಶ್ವವಿದ್ಯಾಲಯಕ್ಕೆ ಶುಲ್ಕ ಕಟ್ಟುವುದಿಲ್ಲ. ನಮ್ಮಲ್ಲಿಯೇ 1973–74ರಲ್ಲಿ ಅತಿ ಹೆಚ್ಚಿನ ದರ ಸರ್‌ಚಾರ್ಜ್ ಸೇರಿ ಶೇ. 97.75 ಇತ್ತೆಂದು ಹೇಳಿದರೆ, ದರ ಎಂಬುದು ಕಾಲಕ್ಕೆ ತಕ್ಕಂತೆ ನಾವೇ ಮಾಡಿಕೊಳ್ಳುವ ತೀರ್ಮಾನ ಎಂಬುದೂ ತಿಳಿಯುತ್ತದೆ.

ಇನ್ನೊಂದು ಮಾತು. ಪ್ರತ್ಯಕ್ಷ ತೆರಿಗೆಯನ್ನೂ ಪರೋಕ್ಷ ತೆರಿಗೆಯನ್ನೂ ಬೇರೆ ಬೇರೆ ದಿನಕ್ಕೆ ಹಂಚಬೇಡಿ. ಒಂದು ರಾತ್ರಿಯ ಮಟ್ಟಿಗಾದರೂ ಒಂದು ಮಗು ತನ್ನ ಅಪ್ಪ ದೇಶಕ್ಕೆ ಏನೂ ಕೊಡುವುದಿಲ್ಲ ಎಂದುಕೊಂಡು ಮಲಗುವಂತಾಗಬಾರದು.