ಮ್ಯಾಕ್ರೋ ಲೆನ್ಸ್

ಮ್ಯಾಕ್ರೋ ಲೆನ್ಸ್ ಎಂಬುದು ಚಿಕ್ಕ ವಸ್ತುಗಳನ್ನು ಅತಿ ಸಮೀಪದಿಂದ ಸ್ಪಷ್ಟವಾಗಿ ಚಿತ್ರೀಕರಿಸುವುದಕ್ಕಾಗಿ ರೂಪಿಸಲಾದ ಛಾಯಾಗ್ರಹಣ ಮಸೂರ. ಕೀಟ, ಜೇಡ, ಹೂವಿನ ಕೇಸರ, ನಾಣ್ಯ, ಅಂಚೆಚೀಟಿ, ಆಭರಣ, ಹಸ್ತಪ್ರತಿ ಮೊದಲಾದವುಗಳ ಛಾಯಾಗ್ರಹಣದಲ್ಲಿ ಇದರ ಬಳಕೆ ಹೆಚ್ಚು. ಸಾಮಾನ್ಯ ಮಸೂರಗಳನ್ನು ಹೆಚ್ಚಾಗಿ ದೂರದ ದೃಶ್ಯಗಳಿಗೆ ಹೊಂದುವಂತೆ ವಿನ್ಯಾಸಗೊಳಿಸಲಾಗುತ್ತದೆ. ವಸ್ತುವನ್ನು ತೀರ ಹತ್ತಿರಕ್ಕೆ ತಂದಾಗ ಅವು ಫೋಕಸ್ ಆಗುವುದಿಲ್ಲ, ಇಲ್ಲವೇ ಚಿತ್ರದ ಅಂಚುಗಳು ಮಸುಕಾಗುತ್ತವೆ. ಮ್ಯಾಕ್ರೋ ಲೆನ್ಸ್‌ಗಳು ಸಮೀಪದ ಅಂತರದಲ್ಲಿಯೂ ಅಂಚಿನಿಂದ ಅಂಚಿನವರೆಗೆ ಸ್ಪಷ್ಟವಾದ ಬಿಂಬವನ್ನು ಮೂಡಿಸುತ್ತವೆ. ಇವುಗಳ ಆಯ್ಕೆಯಲ್ಲಿ ವರ್ಧನೆಯ ಅನುಪಾತ, ಸಂಗಮದೂರ ಮತ್ತು ಕಾರ್ಯದೂರಗಳು ಮುಖ್ಯವಾಗುತ್ತವೆ.

ಇತಿಹಾಸ

ಮೊದಲಿಗೆ ಸಮೀಪ ಛಾಯಾಗ್ರಹಣಕ್ಕಾಗಿ ಕ್ಯಾಮೆರಾ ಮತ್ತು ಮಸೂರದ ನಡುವೆ ತಿದಿಯಂತೆ ಹಿಗ್ಗುವ ಬೆಲ್ಲೋಸ್ ಅಥವಾ ಕೊಳವೆಗಳನ್ನು ಅಳವಡಿಸಲಾಗುತ್ತಿತ್ತು. ಬೇರಾವ ಉಪಕರಣದ ನೆರವಿಲ್ಲದೆ ದೂರದಿಂದ ಸಮೀಪದವರೆಗೆ ನಿರಂತರವಾಗಿ ಫೋಕಸ್ ಮಾಡಬಲ್ಲ ಮೊದಲ ಮ್ಯಾಕ್ರೋ ಲೆನ್ಸ್ ಎಂದು 1955ರಲ್ಲಿ ಬಂದ 40 ಮಿ.ಮೀ.ನ ಕಿಲ್‌ಫಿಟ್ ಮ್ಯಾಕ್ರೋ-ಕಿಲಾರ್ ಅನ್ನು ಪರಿಗಣಿಸಲಾಗುತ್ತದೆ. ಜಪಾನಿನ ನಿಕಾನ್ ಸಂಸ್ಥೆಯು 1956ರಲ್ಲಿ ಮೈಕ್ರೋ-ನಿಕ್ಕೋರ್ ಮಸೂರವನ್ನು ಹೊರತಂದಿತು. ಮೈಕ್ರೋಫಿಲ್ಮ್‌ನಲ್ಲಿ ಜಪಾನೀ ಲಿಪಿಯ ಸಂಕೀರ್ಣ ಅಕ್ಷರಗಳನ್ನು ಸ್ಪಷ್ಟವಾಗಿ ದಾಖಲಿಸುವ ಅಗತ್ಯವು ಅದರ ಹಿನ್ನೆಲೆಯಲ್ಲಿತ್ತು. ನಿಕಾನ್ ಸಂಸ್ಥೆಯು ಇಂತಹ ಮಸೂರಗಳಿಗೆ ‘ಮೈಕ್ರೋ’ ಎಂಬ ಹೆಸರನ್ನು ಬಳಸುತ್ತ ಬಂದಿದ್ದರೂ ಉಪಯೋಗದಲ್ಲಿ ಅವು ಮ್ಯಾಕ್ರೋ ಲೆನ್ಸ್‌ಗಳೇ ಆಗಿವೆ. 1999ರಲ್ಲಿ ಕ್ಯಾನನ್ ಬಿಡುಗಡೆ ಮಾಡಿದ ಎಂಪಿ-ಇ 65 ಮಿ.ಮೀ. ಮಸೂರವು ನಿಜಗಾತ್ರದಿಂದ ಐದು ಪಟ್ಟಿನವರೆಗೆ ವರ್ಧಿಸುತ್ತದೆ. ಆದರೆ ಇದರಿಂದ ದೂರದ ದೃಶ್ಯಗಳನ್ನು ಚಿತ್ರೀಕರಿಸಲು ಸಾಧ್ಯವಿಲ್ಲ.

ವರ್ಧನೆಯ ಅನುಪಾತ

ಸಂವೇದಕದ ಮೇಲೆ ಮೂಡುವ ಬಿಂಬದ ಗಾತ್ರಕ್ಕೂ ವಸ್ತುವಿನ ನಿಜವಾದ ಗಾತ್ರಕ್ಕೂ ಇರುವ ಸಂಬಂಧವೇ ವರ್ಧನೆಯ ಅನುಪಾತ. ಎರಡೂ ಸಮನಾಗಿದ್ದರೆ ಅದು 1:1, ಅಂದರೆ ನಿಜಗಾತ್ರ. ಸಾಮಾನ್ಯವಾಗಿ 1:1 ತಲುಪುವ ಮಸೂರಗಳನ್ನು ಪೂರ್ಣ ಪ್ರಮಾಣದ ಮ್ಯಾಕ್ರೋ ಲೆನ್ಸ್ ಎನ್ನಲಾಗುತ್ತದೆ. ಹಳೆಯ ಮಸೂರಗಳಲ್ಲಿ ಹಲವು 1:2ರವರೆಗೆ ಮಾತ್ರ ತಲುಪುತ್ತವೆ.

ಉದಾಹರಣೆಗೆ, 12 ಮಿ.ಮೀ. ಉದ್ದದ ಜೀರುಂಡೆಯೊಂದನ್ನು 36 ಮಿ.ಮೀ. ಅಗಲದ ಫುಲ್ ಫ್ರೇಮ್ ಸಂವೇದಕದಲ್ಲಿ 1:1 ವರ್ಧನೆಯೊಂದಿಗೆ ಚಿತ್ರೀಕರಿಸಿದರೆ ಅದು ಚೌಕಟ್ಟಿನ ಅಗಲದ ಮೂರನೆಯ ಒಂದು ಭಾಗವನ್ನು ತುಂಬುತ್ತದೆ. 1:4ರಲ್ಲಿ ಅದರ ಬಿಂಬ ಕೇವಲ 3 ಮಿ.ಮೀ.; ಎಂದರೆ ಅಗಲದ ಹನ್ನೆರಡನೆಯ ಒಂದು ಭಾಗ. ಅನೇಕ ಝೂಮ್ ಮಸೂರಗಳ ಮೇಲೆ ‘ಮ್ಯಾಕ್ರೋ’ ಎಂದು ಮುದ್ರಿತವಾಗಿದ್ದರೂ ಅವುಗಳ ಗರಿಷ್ಠ ವರ್ಧನೆ 1:4ರ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಹೆಸರಿಗಿಂತ ತಾಂತ್ರಿಕ ವಿವರಪಟ್ಟಿಯಲ್ಲಿರುವ ಅನುಪಾತವೇ ಹೆಚ್ಚು ವಿಶ್ವಾಸಾರ್ಹ.

ಸಂವೇದಕ ಚಿಕ್ಕದಾದಂತೆ ಅದೇ ಬಿಂಬವು ಚೌಕಟ್ಟಿನ ಹೆಚ್ಚಿನ ಭಾಗವನ್ನು ತುಂಬುತ್ತದೆ. ಸುಮಾರು 23.5 ಮಿ.ಮೀ. ಅಗಲದ ಎಪಿಎಸ್-ಸಿ ಸಂವೇದಕದಲ್ಲಿ ಮೇಲಿನ ಜೀರುಂಡೆಯು 1:1ರಲ್ಲಿ ಅರ್ಧದಷ್ಟು ಅಗಲವನ್ನು ಆವರಿಸುತ್ತದೆ. ಇದರಿಂದ ವಸ್ತು ದೊಡ್ಡದಾಗಿ ಕಂಡರೂ ಮಸೂರದ ವರ್ಧನೆ ಬದಲಾಗುವುದಿಲ್ಲ.

ಸಂಗಮದೂರ ಮತ್ತು ಕಾರ್ಯದೂರ

ಮಸೂರದ ಮುಂಭಾಗದಿಂದ ವಸ್ತುವಿನವರೆಗಿನ ಅಂತರವನ್ನು ಕಾರ್ಯದೂರ ಎನ್ನುತ್ತಾರೆ. ತಯಾರಕರು ನೀಡುವ ‘ಕನಿಷ್ಠ ಫೋಕಸ್ ದೂರ’ವು ಇದಕ್ಕಿಂತ ಭಿನ್ನ, ಅದನ್ನು ಸಂವೇದಕದಿಂದ ಅಳೆಯಲಾಗುತ್ತದೆ. 100 ಮಿ.ಮೀ. ಮಸೂರವೊಂದರ ಕನಿಷ್ಠ ಫೋಕಸ್ ದೂರ 30 ಸೆಂ.ಮೀ. ಎಂದಿದ್ದರೂ, ಕ್ಯಾಮೆರಾದ ದಪ್ಪ ಮತ್ತು ಮಸೂರದ ಉದ್ದವನ್ನು ಕಳೆದರೆ ಕೀಟಕ್ಕೂ ಮಸೂರಕ್ಕೂ ನಡುವೆ ಉಳಿಯುವುದು ಸುಮಾರು 13ರಿಂದ 15 ಸೆಂ.ಮೀ. ಮಾತ್ರ. ಸಂಗಮದೂರದ ಆಧಾರದ ಮೇಲೆ ಮ್ಯಾಕ್ರೋ ಲೆನ್ಸ್‌ಗಳನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ವಿಂಗಡಿಸಬಹುದು:

• 50–60 ಮಿ.ಮೀ.: ಇವು ಹಗುರ ಹಾಗೂ ಹೋಲಿಕೆಯಲ್ಲಿ ಅಗ್ಗ. ನಿಜಗಾತ್ರದಲ್ಲಿ ಕಾರ್ಯದೂರ ಸುಮಾರು 10 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ. ಮಸೂರದ ನೆರಳು ವಸ್ತುವಿನ ಮೇಲೆ ಬೀಳುವ ಸಂಭವವಿರುತ್ತದೆ. ದಾಖಲೆಪತ್ರ, ಅಂಚೆಚೀಟಿ, ಹೂವುಗಳಂತಹ ನಿಶ್ಚಲ ವಸ್ತುಗಳಿಗೆ ಸೂಕ್ತ.
• 90–105 ಮಿ.ಮೀ.: ತೂಕ, ಬೆಲೆ ಮತ್ತು ಕಾರ್ಯದೂರಗಳ ನಡುವೆ ಸಮತೋಲನವಿರುವುದರಿಂದ ಇವು ಹೆಚ್ಚು ಜನಪ್ರಿಯ. ಕೈಯಲ್ಲಿ ಹಿಡಿದೂ ಬಳಸಬಹುದು, ವ್ಯಕ್ತಿಚಿತ್ರಗಳಿಗೂ ಒದಗುತ್ತವೆ.
• 150–200 ಮಿ.ಮೀ.: ಕಾರ್ಯದೂರ 20 ಸೆಂ.ಮೀ.ಗೂ ಮೀರುವುದರಿಂದ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳಂತಹ ಬೆದರುವ ಜೀವಿಗಳಿಗೆ ಅನುಕೂಲ. ನೋಟದ ಕೋನ ಕಿರಿದಾಗಿರುವುದರಿಂದ ಹಿನ್ನೆಲೆಯಲ್ಲಿ ಗೊಂದಲ ಕಡಿಮೆ. ಆದರೆ ಇವು ಭಾರವಾಗಿದ್ದು, ಬಹುಮಟ್ಟಿಗೆ ಟ್ರೈಪಾಡ್ ಬೇಕಾಗುತ್ತದೆ.

ಸ್ಪಷ್ಟತೆಯ ಆಳ ಮತ್ತು ಅಪರ್ಚರ್

ಸಮೀಪ ಛಾಯಾಗ್ರಹಣದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಅತ್ಯಲ್ಪ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 1:1 ವರ್ಧನೆ ಮತ್ತು ಎಫ್/8 ಅಪರ್ಚರ್‌ನಲ್ಲಿ ಇದು ಸುಮಾರು 1 ಮಿ.ಮೀ. ಮಾತ್ರ, 1:2ರಲ್ಲಿ ಸುಮಾರು 3 ಮಿ.ಮೀ. ಹೆಚ್ಚಿನ ಸಂಗಮದೂರದ ಮಸೂರದಿಂದ ಈ ಆಳ ಕಡಿಮೆಯಾಗುತ್ತದೆ ಎಂಬ ಅಭಿಪ್ರಾಯ ಬಳಕೆಯಲ್ಲಿದೆ. ಆದರೆ ವರ್ಧನೆ ಮತ್ತು ಅಪರ್ಚರ್ ಒಂದೇ ಆಗಿದ್ದರೆ ಯಾವುದೇ ಸಂಗಮದೂರದಲ್ಲಿ ಅದು ಬಹುತೇಕ ಒಂದೇ ಆಗಿರುತ್ತದೆ.

ಅಪರ್ಚರ್ ಕಿರಿದಾಗಿಸಿದರೆ ಆಳ ಹೆಚ್ಚುತ್ತದೆಯಾದರೂ ಅದಕ್ಕೊಂದು ಮಿತಿಯಿದೆ. ವರ್ಧನೆ ಹೆಚ್ಚಿದಂತೆ ಸಂವೇದಕವನ್ನು ತಲುಪುವ ಬೆಳಕು ಕಡಿಮೆಯಾಗುತ್ತದೆ. ನಿಜಗಾತ್ರದಲ್ಲಿ ಎಫ್/8 ಸುಮಾರು ಎಫ್/16ರಂತೆ ವರ್ತಿಸುತ್ತದೆ. ಅಂದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಎಫ್/16 ಆಯ್ದರೆ ಅದು ಎಫ್/32ಕ್ಕೆ ಸಮನಾಗಿ, ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮೃದುವಾಗುತ್ತದೆ. ಇದನ್ನು ನಿವಾರಿಸಲು ಫೋಕಸ್ ಅನ್ನು ಹಂತಹಂತವಾಗಿ ಸರಿಸುತ್ತ ಹಲವು ಚಿತ್ರಗಳನ್ನು ತೆಗೆದು, ತಂತ್ರಾಂಶದಲ್ಲಿ ಅವುಗಳ ಸ್ಪಷ್ಟ ಭಾಗಗಳನ್ನು ಜೋಡಿಸುವ ಫೋಕಸ್ ಸ್ಟ್ಯಾಕಿಂಗ್ ವಿಧಾನವನ್ನು ಅನುಸರಿಸುತ್ತಾರೆ. ಈ ಕಾರಣಗಳಿಂದ ಸಮೀಪ ಛಾಯಾಗ್ರಹಣಕ್ಕಷ್ಟೇ ಮಸೂರ ಕೊಳ್ಳುವವರಿಗೆ ಎಫ್/2.8ರಂತಹ ವಿಶಾಲ ಅಪರ್ಚರ್ ನಿರ್ಣಾಯಕ ಅಂಶವಾಗುವುದಿಲ್ಲ.

ಸ್ಥಿರೀಕರಣ ಮತ್ತು ಫೋಕಸ್ ವ್ಯವಸ್ಥೆ

ಮಸೂರದೊಳಗಿನ ಸ್ಥಿರೀಕರಣ ವ್ಯವಸ್ಥೆಯು ಕೈಯ ನಡುಕವನ್ನು ಸರಿದೂಗಿಸುತ್ತದೆ. ವರ್ಧನೆ ಹೆಚ್ಚಾದಂತೆ ಅದರ ಪರಿಣಾಮ ಕುಗ್ಗುತ್ತದೆ. ಗಾಳಿಗೆ ಅಲುಗುವ ಹೂವನ್ನಾಗಲಿ, ಛಾಯಾಗ್ರಾಹಕನ ದೇಹವು ಹಿಂದೆಮುಂದೆ ತೂಗುವುದನ್ನಾಗಲಿ ಅದು ತಡೆಯಲಾರದು. ಅತಿ ಸಮೀಪದಲ್ಲಿ ಸ್ವಯಂಚಾಲಿತ ಫೋಕಸ್ ತಡಕಾಡುವುದುಂಟು. ಫೋಕಸ್ ವ್ಯಾಪ್ತಿಯನ್ನು ಸೀಮಿತಗೊಳಿಸುವ ಗುಂಡಿಯಿದ್ದರೆ ಈ ತೊಂದರೆ ಕಡಿಮೆಯಾಗುತ್ತದೆ. ಬೇಕಾದ ವರ್ಧನೆಗೆ ಮಸೂರವನ್ನು ಕೈಯಿಂದಲೇ ಹೊಂದಿಸಿಕೊಂಡು, ಕ್ಯಾಮೆರಾವನ್ನು ನಿಧಾನವಾಗಿ ಮುಂದೆ ಹಿಂದೆ ಸರಿಸಿ ಫೋಕಸ್ ಪಡೆಯುವ ಕ್ರಮವೂ ರೂಢಿಯಲ್ಲಿದೆ.

ಪರ್ಯಾಯ ಉಪಕರಣಗಳು

• ಎಕ್ಸ್‌ಟೆನ್ಷನ್ ಟ್ಯೂಬ್: ಮಸೂರ ಮತ್ತು ಕ್ಯಾಮೆರಾದ ನಡುವೆ ಇಡುವ, ಗಾಜಿಲ್ಲದ ಟೊಳ್ಳು ಕೊಳವೆ. ಕೊಳವೆಯ ಉದ್ದವನ್ನು ಸಂಗಮದೂರದಿಂದ ಭಾಗಿಸಿದರೆ ಸಿಗುವಷ್ಟು ವರ್ಧನೆ ಹೆಚ್ಚುತ್ತದೆ. 50 ಮಿ.ಮೀ. ಮಸೂರಕ್ಕೆ 25 ಮಿ.ಮೀ. ಕೊಳವೆ ಸೇರಿಸಿದರೆ ವರ್ಧನೆ 0.5ರಷ್ಟು ಏರುತ್ತದೆ.
• ಕ್ಲೋಸ್-ಅಪ್ ಲೆನ್ಸ್: ಮಸೂರದ ಮುಂಭಾಗಕ್ಕೆ ತಿರುಗಿಸಿ ಕೂರಿಸುವ ಪೀನ ಮಸೂರ. ಹೆಚ್ಚು ಸಂಗಮದೂರದ ಮಸೂರಗಳೊಂದಿಗೆ ಪರಿಣಾಮಕಾರಿ. ಅಗ್ಗದ ಒಂಟಿ ಗಾಜಿನ ಮಾದರಿಗಳಲ್ಲಿ ಅಂಚುಗಳು ಮಸುಕಾಗಿ, ಬಣ್ಣದ ಸೆರಗುಗಳು ಕಾಣಿಸಿಕೊಳ್ಳುತ್ತವೆ.
• ರಿವರ್ಸ್ ರಿಂಗ್: ಮಸೂರವನ್ನು ಹಿಂದುಮುಂದಾಗಿ ಜೋಡಿಸುವ ಬಳೆ. ಖರ್ಚು ಅತ್ಯಲ್ಪ. ಆದರೆ ಕ್ಯಾಮೆರಾದೊಂದಿಗಿನ ವಿದ್ಯುನ್ಮಾನ ಸಂಪರ್ಕ ತಪ್ಪುತ್ತದೆ ಮತ್ತು ಮಸೂರದ ಹಿಂಭಾಗ ಧೂಳಿಗೆ ತೆರೆದುಕೊಳ್ಳುತ್ತದೆ.

ಹೊಸದಾಗಿ ಕಲಿಯುವವರು ಈಗಾಗಲೇ ಇರುವ ಮಸೂರದೊಂದಿಗೆ ಇವುಗಳನ್ನು ಬಳಸಿ, ತಮಗೆ ಬೇಕಾಗುವ ವರ್ಧನೆ ಮತ್ತು ಕಾರ್ಯದೂರವನ್ನು ಮೊದಲೇ ಅಂದಾಜಿಸಿಕೊಳ್ಳಬಹುದು.

ಜೀವಿಗಳ ಸುರಕ್ಷತೆ

ಅಲ್ಪ ಕಾರ್ಯದೂರದ ಮಸೂರದಿಂದ ಕೀಟಗಳು ಹಾರಿಹೋಗುವುದನ್ನು ತಪ್ಪಿಸಲು ಅವುಗಳನ್ನು ಹಿಡಿದು ಶೀತಪೆಟ್ಟಿಗೆಯಲ್ಲಿಟ್ಟು ಜಡಗೊಳಿಸುವ, ಅಂಟಿಸುವ ಅಥವಾ ಕೊಲ್ಲುವ ಕ್ರಮಗಳು ಟೀಕೆಗೆ ಒಳಗಾಗಿವೆ. ಇವು ಜೀವಿಗೆ ಹಾನಿ ಮಾಡುವುದಲ್ಲದೆ, ಚಿತ್ರವು ಅದರ ಸಹಜ ನಡವಳಿಕೆಯ ದಾಖಲೆಯಾಗಿಯೂ ಉಳಿಯುವುದಿಲ್ಲ. ಬೆಳಗಿನ ತಂಪು ಹೊತ್ತಿನಲ್ಲಿ ಚಿಟ್ಟೆ, ಏರೋಪ್ಲೇನ್ ಚಿಟ್ಟೆ ಮುಂತಾದವು ಮೈ ಬೆಚ್ಚಗಾಗುವವರೆಗೆ ನಿಶ್ಚಲವಾಗಿರುತ್ತವೆ. ಈ ಸಮಯವನ್ನು ಆರಿಸಿಕೊಳ್ಳುವುದರಿಂದಲೂ, ಹೆಚ್ಚಿನ ಕಾರ್ಯದೂರದ ಮಸೂರವನ್ನು ಬಳಸುವುದರಿಂದಲೂ ಅವುಗಳಿಗೆ ತೊಂದರೆಯಾಗದಂತೆ ಚಿತ್ರೀಕರಿಸಲು ಸಾಧ್ಯ.