ಮದ್ದ್, ಶದ್ದ್ ಕಲಿತ ನಾಲಿಗೆಗೆ ಫಿನ್ನಿಷ್

‘ಉಸ್ತಾದ್, ಫಿನ್‌ಲ್ಯಾಂಡ್‌ನಲ್ಲಿ ಇಂಗ್ಲಿಷ್ ಸಾಕು ಅಂತ ಏಜೆಂಟ್ ಹೇಳಿದ್ದಾರೆ.’

ನಮ್ಮ ಮದ್ರಸದಲ್ಲಿ ಓದಿ, ನರ್ಸಿಂಗ್ ಮುಗಿಸಿದ ಹುಡುಗಿಯ ಮಾತಿದು. ಆದರೆ ಅಲ್ಲಿ ವಯಸ್ಸಾದ ರೋಗಿಯೊಬ್ಬರು ‘ಸತ್ತೂ’ ಎಂದರೆ? ನಮ್ಮ ಕಿವಿಗೆ ಅದು ಸಾವಿನ ಮಾತು. ಫಿನ್ನಿಷ್‌ನಲ್ಲಿ ‘ನೋಯುತ್ತಿದೆ’ ಎಂದರ್ಥ. ಇಷ್ಟೂ ತಿಳಿಯದೆ ಆರೈಕೆ ಮಾಡುವುದು ಹೇಗೆ?

ಈಗ ಆಕೆ ಮೊಬೈಲ್‌ನಲ್ಲೇ ಪಾಠ ಶುರು ಮಾಡಿದ್ದಾಳೆ. ಡ್ಯುಯೊಲಿಂಗೊದಲ್ಲಿ 2020ರಿಂದ ಫಿನ್ನಿಷ್ ಇದೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಉಚಿತ ಆನ್‌ಲೈನ್ ಕೋರ್ಸೂ ಇದೆ.

ಆಕೆಯ ಪಾಠ ಕೇಳಿ ನನಗೆ ತಜ್‌ವೀದ್ ನೆನಪಾಯಿತು. ‘ತಪಾನ್’ ಎಂದರೆ ಭೇಟಿಯಾಗುತ್ತೇನೆ. ಮದ್ದ್ ಬಿಟ್ಟು ‘ತಪನ್’ ಎಂದರೆ ಕೊಲ್ಲುತ್ತೇನೆ! ‘ಕುಕ’ ಯಾರು, ಶದ್ದ್ ಕೊಟ್ಟರೆ ‘ಕುಕ್ಕ’ ಹೂವು. ಅಕ್ಷರ ಎಳೆಯುವುದು, ಒತ್ತುವುದು ನಮ್ಮ ಮಕ್ಕಳಿಗೆ ಹೊಸತಲ್ಲ.

ಫಿನ್ನಿಷ್‌ನಲ್ಲಿ 15 ವಿಭಕ್ತಿಗಳಿವೆ ಎಂದು ಹಲವರು ಹೆದರುತ್ತಾರೆ. ಆದರೆ ಅದು ಕನ್ನಡದಂತೆಯೇ ಬಾಲ ಸೇರಿಸುವ ಭಾಷೆ. ‘ತಲೊ’ ಮನೆ, ‘ತಲೊಸ್ಸ’ ಮನೆಯಲ್ಲಿ, ‘ತಲೊಸ್ತ’ ಮನೆಯಿಂದ. ಅವನು, ಅವಳು ಎಂಬ ಭೇದವಿಲ್ಲ, ಇಬ್ಬರಿಗೂ ‘ಹ್ಯಾನ್’ ಒಂದೇ.

‘ಅಲ್ಲಿ ನಮ್ಮವರು ಇದ್ದಾರಾ?’ ಎಂದು ಆಕೆಯ ಉಮ್ಮ ಕೇಳಿದರು. ಇದ್ದಾರೆ. 19ನೇ ಶತಮಾನದ ಕೊನೆಯಲ್ಲಿ ಬಟ್ಟೆ, ತುಪ್ಪಳದ ವ್ಯಾಪಾರಕ್ಕೆ ರಷ್ಯಾದಿಂದ ಬಂದ ತಾತಾರ್ ಮುಸ್ಲಿಮರು ಅಲ್ಲೇ ನೆಲೆಸಿದರು. 1925ರಲ್ಲಿ ಅವರ ಜಮಾಅತ್ ನೋಂದಣಿಯಾಯಿತು. ಹೊರಗೆ ಫಿನ್ನಿಷ್ ಕಲಿತರು, ಮನೆಯಲ್ಲಿ ತಾತಾರ್ ಭಾಷೆ ಬಿಡಲಿಲ್ಲ.

ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹೊರಡುವ ಮಕ್ಕಳಿಗೆ ನನ್ನ ಮಾತು ಇಷ್ಟೇ: ಟಿಕೆಟ್ ಮಾಡುವ ಮೊದಲೇ ಭಾಷೆ ಶುರು ಮಾಡಿ. ಸುಬಹ್ ನಮಾಝಿನ ಬಳಿಕ ದಿನಾ ಅರ್ಧ ಗಂಟೆ ಕೂತರೂ ಆದೀತು.